ಓಪನ್‌ಮೀಡಿಯಾವಾಲ್ಟ್ ರೀಇನ್‌ಸ್ಟಾಲ್ ರಿವ್ಯೂ: ಡೇಟಾ ಎಲ್ಲಾ ಇದೆ, ಒಳಗೆ ಮಾತ್ರ ಬಿಡ್ತಿಲ್ಲ

ನಮ್ಮನೆ ನ್ಯಾಸಲ್ಲಿ (ಮನೆಯವರೆಲ್ಲಾ ನೆಟ್‌ವರ್ಕಿಂದ ಫೈಲ್ ಇಟ್ಟು ತೆಗೆಯೋ ಡಬ್ಬ) ಓಎಸ್ ಇದ್ದ ಪೆನ್‌ಡ್ರೈವ್ ಒಂದು ಶನಿವಾರ ಬೆಳಿಗ್ಗೆ ಸದ್ದಿಲ್ದೆ ಸತ್ತೋಯ್ತು. ಫೋಟೋ, ವಿಡಿಯೋ, ಕಾಗದಪತ್ರ ಇರೋ ಎರಡು ಹಾರ್ಡ್ ಡಿಸ್ಕಿಗೆ ಏನೂ ಆಗಿಲ್ಲ, ಹೋಗಿದ್ದು ಓಎಸ್ ಮಾತ್ರ. ಓಪನ್‌ಮೀಡಿಯಾವಾಲ್ಟ್, ಚಿಕ್ಕದಾಗಿ ಓಎಂವಿ, ಅದರ ಹಳೇ 5ನೇ ವರ್ಷನ್ ಅದರಲ್ಲಿತ್ತು, ಹೆಂಗೂ ಹೋಯ್ತಲ್ಲ ಅಂತ ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿ 7ನೇ ವರ್ಷನ್ ಇನ್‌ಸ್ಟಾಲ್ ಮಾಡ್ದೆ. ಇನ್‌ಸ್ಟಾಲ್ ಆಗೋಕೆ ಅರ್ಧ ಗಂಟೇನೂ ಹಿಡೀಲಿಲ್ಲ, ಆದ್ರೆ ಮನೇಲಿರೋ ಎಲ್ಲರೂ ಮತ್ತೆ ಲಾಗಿನ್ ಆಗೋ ಹೊತ್ತಿಗೆ ಎರಡು ವೀಕೆಂಡ್ ಹೋಯ್ತು ನೋಡಿ, ಈ ರಿವ್ಯೂ ಪೂರ್ತಿ ಆ ಎರಡು ವೀಕೆಂಡಿಂದೇ.

ಗೊತ್ತಿಲ್ದೋರಿಗೆ ಎರಡು ಮಾತು, ಓಪನ್‌ಮೀಡಿಯಾವಾಲ್ಟ್ ಅನ್ನೋದು ಫ್ರೀ ಸಾಫ್ಟ್‌ವೇರ್, ಹಿಂದೆ ಫ್ರೀನ್ಯಾಸ್ ಟೀಮಲ್ಲಿದ್ದ ಫೋಲ್ಕರ್ ಥೈಲೆ ಶುರು ಮಾಡಿದ್ದು, ಒಳಗಡೆ ಇರೋದು ಡೆಬಿಯನ್ ಲಿನಕ್ಸ್, 7ನೇ ವರ್ಷನ್ ಕೂತಿರೋದು ಡೆಬಿಯನ್ 12ರ ಮೇಲೆ. ಯಾವ್ದೋ ಹಳೇ ಪಿಸಿ ಇದ್ರೂ ಸಾಕು, ನ್ಯಾಸ್ ಆಗುತ್ತೆ. ಹಾಗಾಗಿ ಇದರ ಲಾಗಿನ್ ತೊಂದರೆ ಅಂದ್ರೆ ಅರ್ಧ ಡೆಬಿಯನ್ ತೊಂದರೆ, ಕಾಲು ಸಾಂಬಾ (ವಿಂಡೋಸ್ ತರದ ಮಷೀನಿಗೆ ಫೋಲ್ಡರ್ ಹಂಚೋ ಸಾಫ್ಟ್‌ವೇರ್) ತೊಂದರೆ, ಉಳಿದಿದ್ದು ನಮ್ಮ ತಲೆ ತೊಂದರೆ. ನನ್ನ ಕೇಸಲ್ಲಿ ಕೊನೇದೇ ಜಾಸ್ತಿ ಇತ್ತು ಅಂತ ಈಗ್ಲೇ ಒಪ್ಕೊಂಡ್ಬಿಡ್ತೀನಿ.

ಇನ್‌ಸ್ಟಾಲ್ ಮಾಡುವಾಗ ಡೇಟಾ ಡಿಸ್ಕ್ ಎರಡನ್ನೂ ಬಿಚ್ಚಿ ಪಕ್ಕಕ್ಕಿಟ್ಟೆ, ಇದನ್ನ ದಯವಿಟ್ಟು ಎಲ್ಲರೂ ಮಾಡಿ, ಇನ್‌ಸ್ಟಾಲರ್ ಕೇಳೋ ಡಿಸ್ಕ್ ಪಟ್ಟಿಯಲ್ಲಿ ಒಂದು ಸಲ ತಪ್ಪು ಸಾಲು ಆರಿಸಿದ್ರೆ ಲಾಗಿನ್ ಆಗಿ ನೋಡೋಕೆ ಒಳಗೆ ಏನೂ ಉಳಿದಿರಲ್ಲ. ಆಮೇಲೆ ಡಿಸ್ಕ್ ವಾಪಸ್ ಸಿಕ್ಕಿಸಿ ವೆಬ್ ಪೇಜಲ್ಲಿ ಫೈಲ್ ಸಿಸ್ಟಮ್ಸ್ ಅಂತ ಇರೋ ಕಡೆ ಹೋಗಿ ಬರೀ ಮೌಂಟ್ (ಇರೋ ಡಿಸ್ಕನ್ನ ಹಂಗೇ ಜೋಡಿಸೋದು) ಮಾಡ್ಬೇಕು, ಹೊಸದಾಗಿ ಕ್ರಿಯೇಟ್ ಅನ್ನೋದನ್ನ ಒತ್ತಿದ್ರೆ ಫಾರ್ಮ್ಯಾಟ್ ಆಗ್ಬಿಡುತ್ತೆ, ಹುಷಾರು.

ಸರಿ, ಲಾಗಿನ್ ವಿಷ್ಯಕ್ಕೆ ಬರೋಣ.

ಮೊದಲನೇ ಏಟು ಬಿದ್ದಿದ್ದು ವೆಬ್ ಪೇಜಲ್ಲಿ. ಬಾಕ್ಸಿಗೆ ಮಾನಿಟರ್ ಹಾಕಿದ್ರೆ ಕಪ್ಪು ಸ್ಕ್ರೀನಲ್ಲೇ ಅದರ ಐಪಿ ಅಡ್ರೆಸ್ ತೋರಿಸುತ್ತೆ, ಒಳ್ಳೇ ವ್ಯವಸ್ಥೆ, ಯಾಕಂದ್ರೆ ನಾನು ಈ ಸಲ ಬೇರೆ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿದ್ದೆ, ಆ ಪೋರ್ಟಿನ ಮ್ಯಾಕ್ ಅಡ್ರೆಸ್ (ರೌಟರ್ ಗುರುತು ಹಿಡಿಯೋ ನಂಬರ್) ಬೇರೆ, ರೌಟರ್ ಹೊಸ ಐಪಿ ಕೊಟ್ಟಿತ್ತು, ನಾನು ಹಳೇ ಬುಕ್‌ಮಾರ್ಕ್ ಒತ್ತಿ ಪೇಜ್ ಬರ್ತಾನೇ ಇಲ್ವಲ್ಲ ಅಂತ ಕೂತಿದ್ದೆ. ಹೊಸ ಅಡ್ರೆಸ್ ಹಾಕಿದೆ, ಲಾಗಿನ್ ಪೇಜ್ ಬಂತು. ಇಲ್ಲಿ ಯೂಸರ್ ನೇಮ್ ಅಡ್ಮಿನ್, ಪಾಸ್ವರ್ಡ್ ಓಪನ್‌ಮೀಡಿಯಾವಾಲ್ಟ್, ಎರಡೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಒಂದೇ ಪದವಾಗಿ. ಆದ್ರೆ ನಾನು ಹಾಕಿದ್ದು ರೂಟ್ (ಲಿನಕ್ಸಲ್ಲಿ ಎಲ್ಲಾ ಅಧಿಕಾರ ಇರೋ ಯೂಸರ್) ಮತ್ತು ಇನ್‌ಸ್ಟಾಲ್ ಮಾಡುವಾಗ ಕೊಟ್ಟ ಪಾಸ್ವರ್ಡ್. ಎಷ್ಟು ಜನ ಇಲ್ಲೇ ಎಡವ್ತಾರೋ, ಇನ್‌ಸ್ಟಾಲರ್ ಎರಡೆರಡು ಸಲ ಪಾಸ್ವರ್ಡ್ ಕೇಳಿ ಬರೆಸ್ಕೊಂಡಿದೆ, ಅಂದ್ಮೇಲೆ ಎಲ್ಲಾ ಕಡೆ ಅದೇ ಅಂತ ಯಾರಿಗಾದ್ರೂ ಅನ್ಸೋದೇ ಅಲ್ವಾ. ಆ ಪಾಸ್ವರ್ಡ್ ಮಾನಿಟರ್ ಕೀಬೋರ್ಡ್ ಹಾಕ್ಕೊಂಡು ಕನ್ಸೋಲಲ್ಲಿ ಒಳಗೆ ಹೋಗೋಕೆ, ಎಸ್‌ಎಸ್‌ಎಚ್ ಮಾಡೋಕೆ, ಅಂದ್ರೆ ಬೇರೆ ಕಂಪ್ಯೂಟರಿಂದ ಲಾಗಿನ್ ಆಗಿ ಕಮಾಂಡ್ ಕೊಡೋಕೆ. ವೆಬ್ ಪೇಜಿಗೂ ಅದಕ್ಕೂ ಸಂಬಂಧ ಇಲ್ಲ.

ಇದು ಗೊತ್ತಾದ್ಮೇಲೆ ಅಡ್ಮಿನ್ ಅಂತ ಟೈಪ್ ಮಾಡಿದ್ದೇ ತಡ, ಬ್ರೌಸರ್ ಬಹಳ ಉಪಕಾರ ಮಾಡೋ ತರ ಹಳೇ ಪಾಸ್ವರ್ಡ್ ತಾನೇ ತುಂಬಿಸ್ತು. ಕಪ್ಪು ಚುಕ್ಕಿ ಕಾಣ್ತಿದೆ, ನಾನು ಅದರ ಹಿಂದೆ ಹೊಸದನ್ನ ಟೈಪ್ ಮಾಡಿ ಎಂಟರ್ ಒತ್ತೋದು, ತಪ್ಪು ಅನ್ನೋದು, ಮತ್ತೆ ಒತ್ತೋದು. ನಾಕೈದು ಸಲ ಆಯ್ತು. ಆಮೇಲೆ ಬುದ್ಧಿ ಬಂದು ಎಲ್ಲಾ ಅಳಿಸಿ ಸರಿಯಾಗಿ ಟೈಪ್ ಮಾಡಿದ್ರೂ ಅದೇ ಉತ್ತರ. ಯಾಕಂದ್ರೆ ಅಷ್ಟೊತ್ತಿಗೆ ಅಕೌಂಟ್ ಲಾಕ್ ಆಗಿತ್ತು, ಲಾಕ್ ಆದ್ಮೇಲೆ ಸರಿ ಪಾಸ್ವರ್ಡ್ ಕೊಟ್ರೂ ತಪ್ಪು ಅಂತ್ಲೇ ಕಾಣುತ್ತೆ. ಬಾಗಿಲು ಬಡಿಯೋ ಕಳ್ಳನಿಗೆ ಕೀಲಿ ಸರಿ ಇತ್ತು ಅನ್ನೋ ಸುಳಿವೂ ಸಿಗಬಾರ್ದು ಅಂತ ಹಿಂಗೆ ಮಾಡಿರ್ತಾರೆ, ನ್ಯಾಯವೇ, ಆದ್ರೆ ಕಳ್ಳ ನಾನೇ ಆಗಿರೋವಾಗ ಏನ್ ಮಾಡೋದು.

ಇಲ್ಲಿ ಓಎಂವಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಕನ್ಸೋಲಲ್ಲಿ ರೂಟ್ ಆಗಿ ಒಳಗೆ ಹೋಗಿ ಓಎಂವಿ-ಫಸ್ಟ್‌ಏಡ್ ಅಂತ ಕೊಟ್ರೆ ನೀಲಿ ಬಣ್ಣದ ಮೆನು ಬರುತ್ತೆ, ಬಾಣದ ಕೀ ಒತ್ತಿ ಆರಿಸ್ಕೊಳ್ಳೋದು ಅಷ್ಟೇ. ವೆಬ್ ಅಡ್ಮಿನ್ ಪಾಸ್ವರ್ಡ್ ಬದಲಾಯಿಸೋದು, ತಪ್ಪು ಲಾಗಿನ್ ಎಣಿಕೆ ಸೊನ್ನೆ ಮಾಡೋದು, ನೆಟ್‌ವರ್ಕ್ ಕಾರ್ಡ್ ಮತ್ತೆ ಸೆಟ್ ಮಾಡೋದು, ಎಲ್ಲಾ ಅಲ್ಲೇ. ಹೆಸರಿಗೆ ತಕ್ಕಂತೆ ಪ್ರಥಮ ಚಿಕಿತ್ಸೆ. ಎಣಿಕೆ ಸೊನ್ನೆ ಮಾಡಿ, ಹೊಸ ಪಾಸ್ವರ್ಡ್ ಕೊಟ್ಟು, ಬ್ರೌಸರಲ್ಲಿ ಇನ್‌ಕಾಗ್ನಿಟೋ ವಿಂಡೋ ತೆಗೆದು ಹೋದೆ, ಸೀದಾ ಒಳಗೆ. ಈ ಇನ್‌ಕಾಗ್ನಿಟೋ ವಿಂಡೋನ ಕಡೆಗಣಿಸ್ಬೇಡಿ, ಹಳೇ ಕುಕೀ ಇಲ್ಲ, ತಾನೇ ತುಂಬಿಸೋ ಪಾಸ್ವರ್ಡಿಗೆ ಸಿಕ್ಕಿಹಾಕ್ಕೊಳ್ಳೋದೂ ಕಡಿಮೆ, ಅಲ್ಲಿ ಲಾಗಿನ್ ಆಯ್ತು ಅಂದ್ರೆ ತಪ್ಪು ಸರ್ವರಲ್ಲಿ ಇಲ್ಲ, ನಮ್ಮ ಬ್ರೌಸರಲ್ಲಿ ಇದೆ ಅಂತ ಅಲ್ಲಿಗೆ ಇತ್ಯರ್ಥ.

ಎರಡನೇದು ನನಗೆ ಇವತ್ತಿಗೂ ನಗು ಬರಿಸೋದು. ಕನ್ಸೋಲಲ್ಲಿ ರೂಟ್ ಪಾಸ್ವರ್ಡ್ ಕೊಟ್ರೆ ಒಳಗೆ ಬಿಡುತ್ತೆ. ಅದೇ ಪಾಸ್ವರ್ಡ್ ಲ್ಯಾಪ್‌ಟಾಪಿಂದ ಎಸ್‌ಎಸ್‌ಎಚಲ್ಲಿ ಕೊಟ್ರೆ ಪರ್ಮಿಷನ್ ಡಿನೈಡ್. ಅದಕ್ಕೂ ಮೊದಲು ಎಸ್‌ಎಸ್‌ಎಚ್ ಒಂದು ದೊಡ್ಡ ಎಚ್ಚರಿಕೆ ಹಾಕಿತ್ತು, ಈ ಹೆಸರಿನ ಸರ್ವರಿನ ಗುರುತು ಬದಲಾಗಿದೆ, ಯಾರೋ ಮಧ್ಯ ಕೂತಿರಬಹುದು ಅಂತ. ರೀಇನ್‌ಸ್ಟಾಲ್ ಮಾಡಿದ್ರೆ ಸರ್ವರ್ ಹೊಸ ಹೋಸ್ಟ್ ಕೀ ಹುಟ್ಟಿಸ್ಕೊಳುತ್ತೆ, ಲ್ಯಾಪ್‌ಟಾಪ್ ಹಳೇದನ್ನ ನೆನಪಿಟ್ಕೊಂಡಿರುತ್ತೆ, ಎಸ್‌ಎಸ್‌ಎಚ್-ಕೀಜೆನ್ ಮುಂದೆ ಮೈನಸ್ ದೊಡ್ಡ ಆರ್, ಆಮೇಲೆ ಸರ್ವರ್ ಹೆಸರು ಕೊಟ್ರೆ ಹಳೇ ಗುರುತು ಅಳಿಸಿ ಹೋಗುತ್ತೆ. ಅಷ್ಟು ಮಾಡಿದ್ರೂ ಒಳಗೆ ಬಿಡ್ಲಿಲ್ಲ. ಎಸ್‌ಎಸ್‌ಎಚ್ ಸೆಟ್ಟಿಂಗಲ್ಲಿ ರೂಟ್ ಲಾಗಿನ್ ಬಿಡೋ ಟಿಕ್ ಇದೆಯಾ ನೋಡ್ದೆ, ಇತ್ತು. ಸರ್ವಿಸ್ ಓಡ್ತಿದೆಯಾ, ಓಡ್ತಿದೆ. ಫೈರ್‌ವಾಲ್ ಇಲ್ಲ. ಹಾಗಾದ್ರೆ ಇನ್ನೇನು?

ಒಂದು ಗಂಟೆ ಆದ್ಮೇಲೆ ಬೇಜಾರಾಗಿ ಕನ್ಸೋಲಲ್ಲಿ ಯೂಸರ್ ನೇಮ್ ಕೇಳೋ ಜಾಗದಲ್ಲಿ ಪಾಸ್ವರ್ಡನ್ನೇ ಟೈಪ್ ಮಾಡಿ ನೋಡ್ದೆ, ಅಲ್ಲಾದ್ರೆ ಅಕ್ಷರ ಕಣ್ಣಿಗೆ ಕಾಣುತ್ತಲ್ಲ. ನನ್ನ ಪಾಸ್ವರ್ಡ್ ಮಧ್ಯದಲ್ಲಿ @ ಇದೆ. ಸ್ಕ್ರೀನ್ ಮೇಲೆ ಬಂದಿದ್ದು " ಚಿಹ್ನೆ! ಇನ್‌ಸ್ಟಾಲ್ ಮಾಡುವಾಗ ಕೀಬೋರ್ಡ್ ಕೇಳಿದ ಕಡೆ ಅಮೆರಿಕನ್ ಬದಲು ಬ್ರಿಟಿಷ್ ಅನ್ನೋದನ್ನ ಒತ್ತಿಬಿಟ್ಟಿದ್ದೆ, ಬ್ರಿಟಿಷ್ ಲೇಔಟಲ್ಲಿ ಈ ಎರಡು ಚಿಹ್ನೆ ಅದಲು ಬದಲು. ಅಂದ್ರೆ ನಾನು ಇನ್‌ಸ್ಟಾಲರಿಗೆ ಕೊಟ್ಟಿದ್ದು ನಾನಂದ್ಕೊಂಡ ಪಾಸ್ವರ್ಡೇ ಅಲ್ಲ. ಕನ್ಸೋಲಲ್ಲಿ ಅದೇ ತಪ್ಪು ಕೀಬೋರ್ಡಲ್ಲಿ ಅದೇ ತಪ್ಪನ್ನ ಮತ್ತೆ ಮಾಡ್ತಿದ್ದೆ, ಹಾಗಾಗಿ ಎರಡು ತಪ್ಪೂ ಒಂದಕ್ಕೊಂದು ಹೊಂದಿ ಒಳಗೆ ಬಿಡ್ತಿತ್ತು, ಲ್ಯಾಪ್‌ಟಾಪಿಂದ ಸರಿಯಾದ @ ಹೋದ್ರೆ ಒದ್ದು ಆಚೆ ಹಾಕ್ತಿತ್ತು. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು. ಕೀಬೋರ್ಡ್ ಲೇಔಟ್ ಬದಲಾಯಿಸಿ ಪಾಸ್ವರ್ಡ್ ಮತ್ತೆ ಹಾಕ್ದೆ, ಸರಿ ಹೋಯ್ತು. ಇನ್‌ಸ್ಟಾಲ್ ಟೈಮಲ್ಲಿ ಬರೀ ಅಕ್ಷರ ಅಂಕಿ ಇರೋ ಪಾಸ್ವರ್ಡ್ ಕೊಡಿ, ಆಮೇಲೆ ನಿಧಾನಕ್ಕೆ ಗಟ್ಟಿ ಮಾಡ್ಕೊಳ್ಳಿ.

ಈಗ ನನ್ನ ಸರ್ವರ್ ನನಗೆ ಸಿಕ್ತು. ಮನೆಯವರಿಗೆ ಸಿಗ್ಬೇಕಲ್ಲ. ಶೇರ್ಡ್ ಫೋಲ್ಡರ್ ಮಾಡಿ, ಸಾಂಬಾ ಆನ್ ಮಾಡಿ, ಮೇಲೆ ಬರೋ ಹಳದಿ ಪಟ್ಟಿಯಲ್ಲಿ ಟಿಕ್ ಒತ್ತಿ ಅಪ್ಲೈ ಮಾಡ್ದೆ. ಈ ಹಳದಿ ಪಟ್ಟಿ ಒತ್ತೋವರೆಗೂ ಮಾಡಿದ ಸೆಟ್ಟಿಂಗ್ ಬರೀ ಕಾಗದದ ಮೇಲೆ ಇದ್ದಂಗೆ, ಹೊಸಬರು ಸೇವ್ ಒತ್ತಿ ಆಯ್ತು ಅನ್ಕೊಂಡು ಎದ್ದು ಹೋಗ್ತಾರೆ. ತಮ್ಮ ಬೆಳಿಗ್ಗೆಯಿಂದ ತಲೆ ತಿಂತಿದ್ದ, ಹಾಗಾಗಿ ಮೊದಲು ಅವನ ಯೂಸರ್ ಮಾಡ್ದೆ, ಆಮೇಲೆ ಹೆಂಡ್ತಿದು. ನಂದು ಹೆಂಗೂ ನಾನೇ ಅಲ್ವಾ ಅಂತ ಟರ್ಮಿನಲಲ್ಲೇ ಇದ್ದೋನು ಆಡ್‌ಯೂಸರ್ ಕಮಾಂಡ್ ಹೊಡೆದು ಮುಗಿಸ್ದೆ.

ಮೂರು ಜನಕ್ಕೂ ಮೂರು ತರ ತೊಂದರೆ ಬಂತು ಅಂದ್ರೆ ನಂಬ್ತೀರಾ.

ನಂದು ಏನಾಯ್ತು ಅಂದ್ರೆ, ಕನ್ಸೋಲಲ್ಲಿ ಲಾಗಿನ್ ಆಗುತ್ತೆ, ಲ್ಯಾಪ್‌ಟಾಪಿಂದ ಫೋಲ್ಡರ್ ತೆಗೆಯೋಕೆ ಹೋದ್ರೆ ಪಾಸ್ವರ್ಡ್ ತಪ್ಪು. ಕಾರಣ ಸಾಂಬಾ. ಲಿನಕ್ಸಿನ ಪಾಸ್ವರ್ಡ್ ಇರೋ ಡಬ್ಬ ಬೇರೆ, ಸಾಂಬಾ ತನ್ನ ಪಾಸ್ವರ್ಡ್ ಇಟ್ಕೊಳ್ಳೋ ಡಬ್ಬ ಬೇರೆ. ಓಎಂವಿ ವೆಬ್ ಪೇಜಲ್ಲಿ ಯೂಸರ್ ಮಾಡಿದ್ರೆ ಅದು ಎರಡೂ ಡಬ್ಬಕ್ಕೂ ಹಾಕುತ್ತೆ, ಟರ್ಮಿನಲಲ್ಲಿ ಆಡ್‌ಯೂಸರ್ ಹೊಡೆದ್ರೆ ಒಂದಕ್ಕೆ ಮಾತ್ರ. ಪಿಡಿಬಿ-ಎಡಿಟ್ ಮೈನಸ್ ದೊಡ್ಡ ಎಲ್ ಅಂತ ಕೊಟ್ರೆ ಸಾಂಬಾಗೆ ಯಾರ್ಯಾರು ಗೊತ್ತು ಅಂತ ಪಟ್ಟಿ ಬರುತ್ತೆ, ಅದರಲ್ಲಿ ತಮ್ಮ ಇದ್ದಾನೆ, ಹೆಂಡ್ತಿ ಇದ್ದಾಳೆ, ಸರ್ವರ್ ಕಟ್ಟಿದ ಮಹಾನುಭಾವನ ಹೆಸರೇ ಇಲ್ಲ. ಎಸ್‌ಎಂಬಿ-ಪಾಸ್‌ಡಬ್ಲ್ಯುಡಿ (smbpasswd) ಕಮಾಂಡಲ್ಲಿ ಸೇರಿಸ್ಬಹುದು, ಆದ್ರೆ ವೆಬ್ ಪೇಜಿಂದ್ಲೇ ಮಾಡೋದು ವಾಸಿ, ಬುದ್ಧಿವಂತಿಕೆ ತೋರಿಸೋಕೆ ಹೋಗ್ಬೇಡಿ.

ಹೆಂಡ್ತಿ ಲ್ಯಾಪ್‌ಟಾಪ್ ವಿಂಡೋಸು. "ರೀ, ನಾನು ಪಾಸ್ವರ್ಡ್ ಹಾಕೇ ಇಲ್ಲ, ಅದು ಕೇಳೇ ಇಲ್ಲ, ಆಗ್ಲೇ ತಪ್ಪು ಅಂತಿದೆ" ಅಂದ್ಲು. ಆ ಒಂದೇ ಮಾತಲ್ಲಿ ಉತ್ತರ ಇತ್ತು, ನನಗೆ ಹೊಳೆಯೋಕೆ ಟೈಮ್ ಹಿಡೀತು. ಸರ್ವರ್ ಹೆಸರು ಹಳೇದೇ ಇಟ್ಟಿದ್ದೆ, ಪಾಸ್ವರ್ಡ್ ಮಾತ್ರ ಹೊಸದು. ವಿಂಡೋಸ್ ಆ ಹೆಸರಿಗೆ ಅಂತ ಹಿಂದೆ ಉಳಿಸ್ಕೊಂಡ ಪಾಸ್ವರ್ಡನ್ನ ತಾನೇ ತಗೊಂಡೋಗಿ ಕೊಡ್ತಿತ್ತು. ಕಂಟ್ರೋಲ್ ಪ್ಯಾನಲಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್, ಅದರೊಳಗೆ ವಿಂಡೋಸ್ ಕ್ರೆಡೆನ್ಷಿಯಲ್ಸ್, ಅಲ್ಲಿ ನ್ಯಾಸ್ ಹೆಸರಿನ ಸಾಲು ತೆಗೆದು ಹಾಕಿ. ಅಷ್ಟಾದ್ರೂ ಬಿಡದೆ 1219 ಅನ್ನೋ ಎರರ್ ಬಂದ್ರೆ, ಒಂದೇ ಸರ್ವರಿಗೆ ಎರಡು ಯೂಸರ್ ಹೆಸರಲ್ಲಿ ಒಟ್ಟಿಗೆ ಹೋಗೋಕೆ ವಿಂಡೋಸ್ ಒಪ್ಪಲ್ಲ ಅಂತ ಅರ್ಥ, ನೆಟ್ ಯೂಸ್ ಅಂತ ಕೊಟ್ಟು ನಕ್ಷತ್ರ, ಆಮೇಲೆ ಓರೆಗೆರೆ ಡಿಲೀಟ್ ಅಂತ ಹೊಡೆದ್ರೆ ಹಳೇ ಕನೆಕ್ಷನ್ ಎಲ್ಲಾ ಕಳಚುತ್ತೆ. ಅರ್ಜೆಂಟಲ್ಲಿ ಹೆಸರಿನ ಬದಲು ಐಪಿ ಅಡ್ರೆಸ್ ಹಾಕಿ ಹೋದ್ರೂ ನಡೆಯುತ್ತೆ, ವಿಂಡೋಸ್ ಕಣ್ಣಿಗೆ ಅದು ಬೇರೆ ಸರ್ವರ್. ಇನ್ನೊಂದು, ಲ್ಯಾಪ್‌ಟಾಪ್ ತೆಗೆಯೋ ಪಿನ್ ಇದೆಯಲ್ಲ, ನಾಕು ಅಂಕಿದು, ಅದನ್ನ ಇಲ್ಲಿ ಹಾಕೋರು ಇದ್ದಾರೆ, ಅದಕ್ಕೂ ನ್ಯಾಸಿಗೂ ಯಾವ ನಂಟೂ ಇಲ್ಲ.

ತಮ್ಮಂಗೆ ಲಾಗಿನ್ ಆಯ್ತು. ಆಗಿದ್ದೇ ತೊಂದರೆ. "ಅಣ್ಣಾ, ನಿನ್ನ ಸ್ಯಾಲರಿ ಸ್ಲಿಪ್ಪೆಲ್ಲಾ ನಂಗೆ ಕಾಣ್ತಿದೆ, ನನ್ನ ಫೋಲ್ಡರ್ ಮಾತ್ರ ತೆಗೀತಿಲ್ಲ" ಅಂದ. ನಾನು ನನ್ನ ಫೋಲ್ಡರ್ ತೆಗೆಯೋಕೆ ಹೋದ್ರೆ ನನಗೇ ಪರ್ಮಿಷನ್ ಇಲ್ಲ! ಇದು ಪಾಸ್ವರ್ಡ್ ವಿಷ್ಯ ಅಲ್ವೇ ಅಲ್ಲ. ಡಿಸ್ಕಲ್ಲಿ ಫೈಲ್ ಯಾರದು ಅಂತ ಬರೆದಿರೋದು ಹೆಸರಲ್ಲಿ ಅಲ್ಲ, ನಂಬರಲ್ಲಿ. ಡೆಬಿಯನಲ್ಲಿ ಮಾಮೂಲಿ ಯೂಸರ್ ನಂಬರ್ 1000ದಿಂದ ಶುರು, ಮೊದಲು ಮಾಡಿದೋರಿಗೆ 1000, ಆಮೇಲಿನವರಿಗೆ 1001, ಹಿಂಗೆ. ಹಳೇ ಸರ್ವರಲ್ಲಿ ನಾನು 1000, ಹೆಂಡ್ತಿ 1001, ತಮ್ಮ 1002. ಹೊಸದರಲ್ಲಿ ತಮ್ಮಂದು ಮೊದಲು ಮಾಡಿದ್ನಲ್ಲ, ಅವನು 1000 ಆದ, ನಾನು 1002 ಆದೆ, ನನಗೊಬ್ಬನಿಗೇ ಅಂತ ಬೀಗ ಹಾಕಿಟ್ಟಿದ್ದೆಲ್ಲಾ ಅವನ ಪಾಲಾಯ್ತು. ಮಧ್ಯದಲ್ಲಿದ್ದ ಹೆಂಡ್ತಿ ನಂಬರ್ ಮಾತ್ರ ಹಂಗೇ ಉಳೀತು, ಅದಕ್ಕೇ ಅವಳ ಫೈಲ್ ಸರಿ ಇತ್ತು, ನೋಡಿ ಅದೃಷ್ಟ.

ಎಲ್‌ಎಸ್ ಮೈನಸ್ ಎನ್ ಅಂತ ಕೊಟ್ರೆ ಹೆಸರಿನ ಬದಲು ನಂಬರ್ ತೋರಿಸುತ್ತೆ, ಆಗ ಎಲ್ಲಾ ಬಯಲಾಯ್ತು. ಚೌನ್ ಹೊಡೆದು ಫೈಲ್ ಮಾಲೀಕತ್ವ ಬದಲಾಯಿಸ್ಬಹುದು, ಲಕ್ಷಗಟ್ಟಲೆ ಫೈಲ್ ಇರುವಾಗ ತಪ್ಪು ಫೋಲ್ಡರಲ್ಲಿ ಹೊಡೆದ್ರೆ ಇನ್ನೊಂದು ಕಥೆ ಆಗುತ್ತೆ, ಅದಕ್ಕೇ ನಾನು ಮೂರೂ ಯೂಸರ್ ಅಳಿಸಿ ಹಳೇ ಕ್ರಮದಲ್ಲೇ, ನಾನು, ಅವಳು, ಅವನು ಅಂತ, ವೆಬ್ ಪೇಜಿಂದ ಮತ್ತೆ ಮಾಡ್ದೆ. ಎರಡು ನಿಮಿಷದ ಕೆಲಸ. ನನ್ನ ಸಾಂಬಾ ತೊಂದರೆನೂ ಅದರಲ್ಲೇ ಹೋಯ್ತು. ಓಎಂವಿ ಯೂಸರ್ ಮಾಡೋ ಫಾರ್ಮಲ್ಲಿ ಈ ನಂಬರ್ ನಾವೇ ಕೊಡೋ ಒಂದು ಡಬ್ಬ ಇದ್ದಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು, ರೀಇನ್‌ಸ್ಟಾಲ್ ಮಾಡೋರಿಗೆ ಅದು ಬಹಳ ಮುಖ್ಯ.

ಇಷ್ಟೆಲ್ಲಾ ಆಗಿ ಐದು ದಿನ ನೆಮ್ಮದಿ. ಆರನೇ ದಿನ ವೆಬ್ ಪೇಜಲ್ಲಿ ಅಡ್ಮಿನ್ ಪಾಸ್ವರ್ಡ್ ಕೊಡ್ತೀನಿ, ತಪ್ಪು ಅನ್ನಲ್ಲ, ಸರಿನೂ ಅನ್ನಲ್ಲ, ಅದೇ ಲಾಗಿನ್ ಪೇಜ್ ಮತ್ತೆ ಬರುತ್ತೆ. ಮತ್ತೆ ಕೊಡ್ತೀನಿ, ಮತ್ತೆ ಅದೇ. ಫಸ್ಟ್‌ಏಡ್ ಮಾಡ್ದೆ, ಇನ್‌ಕಾಗ್ನಿಟೋ ಮಾಡ್ದೆ, ಬೇರೆ ಬ್ರೌಸರ್ ಮಾಡ್ದೆ, ಊಹೂಂ. ಈ ಲಕ್ಷಣ ನೆನಪಿಟ್ಕೊಳ್ಳಿ, ಲಾಗಿನ್ ಪೇಜ್ ಸುಮ್ನೆ ಸುತ್ತಿ ಸುತ್ತಿ ವಾಪಸ್ ಬಂತು ಅಂದ್ರೆ ಮೊದಲು ನೋಡ್ಬೇಕಾಗಿದ್ದು ಪಾಸ್ವರ್ಡಲ್ಲ, ಓಎಸ್ ಡಿಸ್ಕಲ್ಲಿ ಜಾಗ ಇದೆಯಾ ಅಂತ. ಲಾಗಿನ್ ಆದೋರು ಯಾರು ಅಂತ ಸರ್ವರ್ ಒಂದು ಚಿಕ್ಕ ಸೆಷನ್ ಫೈಲ್ ಬರೆದಿಟ್ಕೊಳ್ಬೇಕು, ಡಿಸ್ಕ್ ತುಂಬಿದ್ರೆ ಬರೆಯೋಕಾಗಲ್ಲ, ಬರೆಯೋಕಾಗ್ದೆ ಇದ್ರೆ ನೀವು ಯಾರು ಅಂತ ಮರುಕ್ಷಣವೇ ಮರೆತೋಗುತ್ತೆ. ಡಿಎಫ್ ಮೈನಸ್ ಎಚ್ ಕೊಟ್ಟು ನೋಡ್ದೆ, ರೂಟ್ ಡಿಸ್ಕ್ 100 ಪರ್ಸೆಂಟ್.

ತುಂಬಿಸಿದೋನು ನಾನೇ. ರಾತ್ರಿ ಬ್ಯಾಕಪ್ ತಗೊಳ್ಳೋ ನನ್ನ ಹಳೇ ಸ್ಕ್ರಿಪ್ಟನ್ನ ಹಂಗೇ ತಂದು ಹಾಕಿದ್ದೆ. 5ನೇ ವರ್ಷನಲ್ಲಿ ಡಿಸ್ಕುಗಳು ಎಸ್‌ಆರ್‌ವಿ ಫೋಲ್ಡರೊಳಗೆ ಲೇಬಲ್ ಹೆಸರಲ್ಲಿ ಕೂರ್ತಿದ್ವು, ಈಗ ಯುಯುಐಡಿ ಅನ್ನೋ ಉದ್ದನೆ ನಂಬರಿನ ಹೆಸರಲ್ಲಿ ಕೂರ್ತಾವೆ. ಹಳೇ ದಾರಿಯಲ್ಲಿ ಡಿಸ್ಕ್ ಇಲ್ಲ, ಫೋಲ್ಡರ್ ಇಲ್ದಿದ್ರೆ ಮಾಡ್ಕೋ ಅಂತ ಸ್ಕ್ರಿಪ್ಟಲ್ಲಿ ಜಾಣತನದಿಂದ ನಾನೇ ಬರೆದಿದ್ದೆ, ಅದು ಪಾಪ ಹೇಳಿದಂಗೆ ಓಎಸ್ ಡಿಸ್ಕಲ್ಲೇ ಫೋಲ್ಡರ್ ಮಾಡ್ಕೊಂಡು ಐದು ರಾತ್ರಿ ಸುರಿದಿದೆ. ಕನ್ಸೋಲಿಂದ ಹೋಗಿ ಆ ಫೋಲ್ಡರ್ ಅಳಿಸಿದ ತಕ್ಷಣ ಲಾಗಿನ್ ಆಯ್ತು, ರೀಸ್ಟಾರ್ಟ್ ಕೂಡ ಬೇಕಾಗ್ಲಿಲ್ಲ. ಅಳಿಸೋ ಮುಂಚೆ ಅದು ನಿಜವಾದ ಬ್ಯಾಕಪ್ ಡಿಸ್ಕ್ ಅಲ್ಲ ಅಂತ ಮೌಂಟ್ ಪಟ್ಟಿಯಲ್ಲಿ ಎರಡು ಸಲ ನೋಡ್ದೆ, ನೀವೂ ನೋಡಿ, ಮೂರು ಸಲ ನೋಡಿದ್ರೂ ನಷ್ಟ ಇಲ್ಲ.

ಬೇರೆಯವಕ್ಕೆ ಹೋಲಿಸಿ ಹೇಳಿ ಅಂತ ಕೇಳೋರಿಗೆ: ರೆಡಿ ಡಬ್ಬ ತಗೊಂಡಿದ್ರೆ ಈ ಅರ್ಧ ಪುರಾಣ ಇರ್ತಿರ್ಲಿಲ್ಲ. ಸಿನಾಲಜಿಯಲ್ಲಿ ಹಿಂದಿರೋ ಸಣ್ಣ ರೀಸೆಟ್ ತೂತಲ್ಲಿ ಪಿನ್ ಹಾಕಿ ಸುಮಾರು 4 ಸೆಕೆಂಡ್ ಒತ್ತಿ ಬೀಪ್ ಬಂದಾಗ ಬಿಟ್ರೆ ಅಡ್ಮಿನ್ ಲಾಗಿನ್ ಮತ್ತೆ ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ರೀಸೆಟ್ ಆಗುತ್ತೆ, ಡೇಟಾ ಹೋಗಲ್ಲ, ಕ್ಯೂನ್ಯಾಪಲ್ಲಿ ಅದೇ ಕೆಲಸಕ್ಕೆ 3 ಸೆಕೆಂಡ್. ಟ್ರೂನ್ಯಾಸಲ್ಲಿ (ಇದೇ ತರದ ಇನ್ನೊಂದು ನ್ಯಾಸ್ ಓಎಸ್) ಸೆಟ್ಟಿಂಗ್ ಎಲ್ಲಾ ಇರೋ ಕಾನ್ಫಿಗ್ ಫೈಲ್ ಮೊದಲೇ ಇಳಿಸಿಟ್ಕೊಂಡಿದ್ರೆ ಹೊಸ ಇನ್‌ಸ್ಟಾಲಿಗೆ ಅದನ್ನ ಅಪ್‌ಲೋಡ್ ಮಾಡಿದ್ರೆ ಸಾಕು, ಯೂಸರ್, ಶೇರ್ ಎಲ್ಲಾ ವಾಪಸ್, ಇಳಿಸ್ಕೊಳ್ಳುವಾಗ ಸೀಕ್ರೆಟ್ ಸೀಡ್ ಅನ್ನೋ ಟಿಕ್ ಮರೀಬಾರ್ದು. ಓಎಂವಿ ಹಳೇ ಮಷೀನಲ್ಲಿ ಹಗುರವಾಗಿ ಓಡುತ್ತೆ, ಒಳಗೆ ಏನ್ ನಡೀತಿದೆ ಅಂತ ಡೆಬಿಯನ್ ಗೊತ್ತಿದ್ರೆ ಎಲ್ಲಾ ಕಣ್ಣಿಗೆ ಕಾಣುತ್ತೆ, ಫಸ್ಟ್‌ಏಡ್ ಮೆನು ಒಂದೇ ಸಾಕು ನನಗೆ ಇದನ್ನ ಬಿಡದೇ ಇರೋಕೆ. 5ಕ್ಕೆ 4 ಕೊಡ್ತೀನಿ. ಆ ಒಂದು ಸ್ಟಾರ್ ಕಳೆದಿದ್ದು ಯೂಸರ್ ನಂಬರಿನ ಡಬ್ಬಕ್ಕೆ ಮತ್ತೆ ರೂಟು ಬೇರೆ ಅಡ್ಮಿನ್ನು ಬೇರೆ ಅನ್ನೋದನ್ನ ಲಾಗಿನ್ ಪೇಜಲ್ಲೇ ಒಂದು ಸಾಲು ಬರೆದಿರಬಹುದಿತ್ತು ಅನ್ನೋದಕ್ಕೆ.

ಈಗ ಎಲ್ಲರದ್ದೂ ಓಡ್ತಿದೆ, ಹಾಲಲ್ಲಿರೋ ಹಳೇ ಟೀವಿ ಒಂದನ್ನ ಬಿಟ್ಟು. ಅದು ಪಾಸ್ವರ್ಡ್ ತಪ್ಪು ಅಂತ್ಲೇ ಬಡ್ಕೊಳುತ್ತೆ, ಅದರ ಸಮಸ್ಯೆ ಪಾಸ್ವರ್ಡ್ ಅಲ್ಲ, ಅದಕ್ಕೆ ಎಸ್‌ಎಂಬಿ 1 ಅನ್ನೋ ಫೈಲ್ ಹಂಚ್ಕೊಳ್ಳೋ ಹಳೇ ಭಾಷೆ ಬಿಟ್ರೆ ಬೇರೇದು ಬರಲ್ಲ, ಸಾಂಬಾ 2019ರ 4.11 ವರ್ಷನಿಂದ ಅದನ್ನ ತಾನಾಗೇ ಆಫ್ ಇಟ್ಟಿರುತ್ತೆ. ಓಎಂವಿ ಸೆಟ್ಟಿಂಗಲ್ಲಿ ಕನಿಷ್ಠ ಪ್ರೊಟೋಕಾಲ್ ಅಂತ ಇದೆ, ಇಳಿಸಿದ್ರೆ ಟೀವಿ ಓಡಬಹುದು, ಆದ್ರೆ 2017ರಲ್ಲಿ ವಾನ್ನಾಕ್ರೈ ಅನ್ನೋ ವೈರಸ್ ಹರಡಿದ್ದು ವಿಂಡೋಸಿನ ಇದೇ ಎಸ್‌ಎಂಬಿ 1 ತೂತಲ್ಲಿ, ಒಂದು ಟೀವಿಗೋಸ್ಕರ ಆ ಹಳೇ ಬಾಗಿಲು ನಾನು ತೆಗೆಯಲ್ಲ. ಅಪ್ಪಂಗೆ ನೋಡೋಕೆ ಅಂತ ವಿಡಿಯೋ ಎಲ್ಲಾ ಪೆನ್‌ಡ್ರೈವಿಗೆ ಹಾಕಿ ಟೀವಿ ಹಿಂದೆ ಸಿಕ್ಕಿಸಿದೀನಿ. "ಇಷ್ಟಕ್ಕೆ ಆ ಡಬ್ಬ ಯಾಕಪ್ಪ ಬೇಕಿತ್ತು" ಅಂದ್ರು.